ಬಸುರಿಯ ಸೆರಗಿನ ಹೊಗೆಸೊಪ್ಪು

ನಾನು ಮೇಷ್ಟ್ರು. ಹುಣಸೂರು, ಪಿರಿಯಾಪಟ್ಟಣದ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಪಾಠ ಹೇಳಿದವನು. ಅದು ಹೊಗೆಸೊಪ್ಪಿನ ಸೀಮೆ. ಸೊಪ್ಪು ಮುರಿಯುವ ಕಾಲ ಬಂದರೆ ಶಾಲೆಯ ಅರ್ಧ ಮಕ್ಕಳು ಬ್ಯಾರನ್ನಿನ ಹತ್ತಿರ ಇರುತ್ತವೆ. ಅವರವ್ವಂದಿರು ಬೆಳಗಿನಿಂದ ಸಂಜೆಯವರೆಗೆ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಾ ಕೂತಿರುತ್ತಾರೆ. ಕೈಗೆ ಅಂಟು, ಸೀರೆಗೆ ಅಂಟು, ಉಣ್ಣುವ ಮುದ್ದೆಗೂ ಅದೇ ಅಂಟು.

ಹೀಗೆ ಮಗು ಹುಡುಕಿಕೊಂಡು ಹೋದ ಒಂದು ದಿನ ಆ ಹೆಂಗಸನ್ನು ಕಂಡೆ. ನಮ್ಮ ಕೇರಿಯವಳೇ. ಏಳು ತಿಂಗಳ ಬಸುರಿ. ಸೊಪ್ಪು ಕಟ್ಟುತ್ತಿದ್ದವಳು ಸೆರಗಿನ ಗಂಟು ಬಿಚ್ಚಿ, ಅಂಗಡಿಯಿಂದ ತಂದ ಕಡ್ಡಿಪುಡಿಯನ್ನು ಎಲೆಗೆ ಹಾಕಿ ದವಡೆಗೆ ಸೇರಿಸಿದಳು. ನನಗೆ ಸಿಟ್ಟು ಬಂತು. ನಾಲ್ಕು ಜನರ ಮುಂದೆಯೇ ಅಂದೆ: ‘ನಿನಗೇನು ಬುದ್ಧಿ ಇಲ್ಲವಾ? ಹೊಟ್ಟೇಲಿರೋ ಕೂಸಿಗೆ ವಿಷ ಹಾಕ್ತಾ ಇದೀಯಲ್ಲ!’

ಅವಳು ಕೈ ನಿಲ್ಲಿಸಲಿಲ್ಲ. ಕಡ್ಡಿಗೆ ಸೊಪ್ಪು ಏರಿಸುತ್ತಲೇ ಹೇಳಿದಳು: ‘ಬೆಳಗ್ಗೆ ಒಂದ್ಲೋಟ ಅಂಬ್ಲಿ ಕುಡ್ದು ಬಂದೀವ್ನಿ ಮೇಷ್ಟ್ರೇ. ಇದ ಮಡಿಕಂಡ್ರೆ ಸಂಜೆಗಂಟ ಹೊಟ್ಟೆ ಸುಮ್ಕಿರ್ತದೆ. ನೀವು ಬ್ಯಾಡ ಅಂತೀರಿ. ಆಯ್ತು, ಬ್ಯಾಡ. ಅದ್ರ ಬದ್ಲು ಏನ್ ಕೊಟ್ಟೀರಿ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇಲ್ಲದ ಮೇಷ್ಟ್ರು ಏನು ಮಾಡುತ್ತಾನೋ ಅದನ್ನೇ ಮಾಡಿದೆ. ಇನ್ನೊಂದಿಷ್ಟು ಜೋರಾಗಿ ಬೈದು ಬಂದೆ.

ಮುಂದೆ ಆಸ್ಪತ್ರೆಯಲ್ಲೂ ಅವಳಿಗೆ ಅದೇ ಪೂಜೆ ಆಯಿತಂತೆ. ಬಾಯಿ ಕೆಂಪಗಿದ್ದದ್ದನ್ನು ನೋಡಿ ಬೈದರಂತೆ. ಆಮೇಲೆ ಅವಳು ತೋರಿಸಿಕೊಳ್ಳಲು ಹೋಗಲೇ ಇಲ್ಲ. ನೋವು ಬಂದ ಮೇಲೆ, ಕಡೇ ಗಳಿಗೆಯಲ್ಲಿ, ಯಾರದೋ ಗಾಡಿಯಲ್ಲಿ ಕರೆದುಕೊಂಡು ಹೋದರು. ಹುಟ್ಟಿದ ಕೂಸು ಎರಡು ಕಿಲೋ ತೂಗಲಿಲ್ಲ. ಕೇರಿ ಮಾತಾಡಿಕೊಂಡಿತು: ‘ಸೊಪ್ಪು ತಿಂದು ತಿಂದು ಕೂಸ್ನ ಒಣಗಿಸ್ಬುಟ್ಳು.’ ನಾನೂ ಮನಸ್ಸಿನಲ್ಲಿ ಅದನ್ನೇ ಅಂದುಕೊಂಡೆ.

ಅವಳು ಕೇಳಿದ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಯಾಕೆಂದರೆ ನನ್ನವ್ವನೂ ಹೊಗೆಸೊಪ್ಪು ಹಾಕುತ್ತಿದ್ದಳು. ನಾನು ಅವಳ ಹೊಟ್ಟೆಯಲ್ಲಿದ್ದಾಗಲೂ ಹಾಕುತ್ತಿದ್ದಳು. ಗೌಡರ ಗದ್ದೆಯಲ್ಲಿ ನಾಟಿ ಹಾಕುವಾಗ ಕೂಲಿಯ ಜೊತೆ ಎಲೆ, ಅಡಿಕೆ, ಸೊಪ್ಪು ಕೊಡುವುದು ವಾಡಿಕೆ. ಇಸ್ತ್ರಿ ಶರ್ಟು ಹಾಕಿ ಸಂಬಳ ಎಣಿಸುವ ನಾನು ನನ್ನವ್ವನನ್ನು ಅಪರಾಧಿ ಅನ್ನಲೇ? ಅನ್ನಲಾರೆ. ಹಾಗಾದರೆ ಇವಳನ್ನು ಯಾವ ಬಾಯಲ್ಲಿ ಅಂದೆ?

2

ಸಂಗಾತಿಗಳೇ, ಮೊದಲು ಒಂದು ಮಾತು ಸ್ಪಷ್ಟವಾಗಲಿ. ಬಡವರ ಮೇಲಿನ ಪ್ರೀತಿಗೆ ನಾವು ಸತ್ಯವನ್ನು ಮುಚ್ಚಿಡಬಾರದು. ಹೊಗೆಸೊಪ್ಪು ಕೂಸಿಗೆ ಕೇಡು, ಹೆಂಡ ಇನ್ನೂ ದೊಡ್ಡ ಕೇಡು.

ಮುಂಬಯಿಯಲ್ಲಿ 1,200ಕ್ಕೂ ಹೆಚ್ಚು ಬಸುರಿಯರನ್ನು ಗಮನಿಸಿ ಮಾಡಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಬೀಡಿ ಸಿಗರೇಟು ಅಲ್ಲ, ಬಾಯಿಗೆ ಹಾಕುವ ಹೊಗೆಸೊಪ್ಪಿನ ಲೆಕ್ಕ ಅದು. ಸೊಪ್ಪು ಬಳಸುವ ತಾಯಂದಿರ ಮಕ್ಕಳು ಸರಾಸರಿ 105 ಗ್ರಾಂ ಕಡಿಮೆ ತೂಗಿದವು, ಸುಮಾರು ಆರು ದಿನ ಮೊದಲೇ ಹುಟ್ಟಿದವು. ಹೊಟ್ಟೆ ತುಂಬಿದವರ ಮನೆಯ ಮೂರು ಕಿಲೋ ಕೂಸಿಗೆ 105 ಗ್ರಾಂ ಏನೂ ಅಲ್ಲದಿರಬಹುದು. ರಕ್ತಹೀನ ತಾಯಿಯ ಎರಡು ಕಿಲೋ ಕೂಸಿಗೆ ಅದು ಜೀವದ ಅಂಚು.

ಹೆಂಡದ ಮಾತು ಬೇರೆ. ತಾಯಿ ಕುಡಿದದ್ದು ರಕ್ತದಲ್ಲಿ ಸೇರಿ ನೇರ ಕೂಸಿಗೆ ಹೋಗುತ್ತದೆ. ಬೆಳೆಯುತ್ತಿರುವ ಮಿದುಳಿಗೇ ಪೆಟ್ಟು. ಅಮೆರಿಕದ ವೈದ್ಯರು 1973ರಲ್ಲಿ ಇದಕ್ಕೆ ಒಂದು ಹೆಸರು ಕೊಟ್ಟರು. ಫ್ರಾನ್ಸಿನ ವೈದ್ಯರೊಬ್ಬರು ಅದಕ್ಕೂ ಐದು ವರ್ಷ ಮೊದಲೇ ಇದನ್ನು ಬರೆದಿದ್ದರು. ಬಸುರಿಗೆ ಇಷ್ಟು ಕುಡಿದರೆ ಅಪಾಯವಿಲ್ಲ ಎಂಬ ಅಳತೆ ಇಲ್ಲ. ‘ಬಾಣಂತಿಗೆ ಸೀತ ಆಗಬಾರದು’ ಅಂತ ಹಲವು ಮನೆಗಳಲ್ಲಿ ಬ್ರಾಂದಿ ಕುಡಿಸುತ್ತಾರಲ್ಲ, ಅದೂ ಎದೆಹಾಲಿಗೆ ಇಳಿಯುತ್ತದೆ.

ನಮ್ಮ ಲೇಖಕರಿಗೂ ಒಂದು ಮಾತು. ಕೇರಿಯ ಹೆಂಡವನ್ನು ಬಂಡಾಯದ ಗುರುತು ಅನ್ನುವ ಹಾಗೆ, ಕುಡಿದು ಕುಣಿಯುವುದೇ ನಮ್ಮ ಸಂಸ್ಕೃತಿ ಅನ್ನುವ ಹಾಗೆ ಕತೆ ಕವನ ಬರೆದದ್ದಿದೆ. ಬರೆದವರು ಬಹುಪಾಲು ಗಂಡಸರು. ಆ ಕುಣಿತದ ಮಾರನೇ ದಿನ ಮಕ್ಕಳಿಗೆ ಗಂಜಿ ಹುಡುಕಿದ ಹೆಂಗಸು ಆ ಕವನ ಬರೆಯಲಿಲ್ಲ.

ಕೇಡು ಆಗುತ್ತದೆ ಅನ್ನುವುದು ನಿಜ. ಆದರೆ ‘ಕೇಡು ಆಯಿತು’ ಅನ್ನುವುದರಿಂದ ‘ಇವಳು ಅಪರಾಧಿ’ ಅನ್ನುವುದಕ್ಕೆ ಒಂದೇ ನೆಗೆತಕ್ಕೆ ಹೋಗಬಹುದೇ? ನಡುವೆ ಇರುವ ಹಳ್ಳವನ್ನು ಯಾರೂ ನೋಡುವುದಿಲ್ಲ. ನಾವಾದರೂ ನೋಡೋಣ.

3

ಈ ಬಸುರಿಯ ಮೈಗೆ ಸೊಪ್ಪಿನ ವಿಷ ಬಾಯಿಂದ ಮಾತ್ರ ಹೋಗಲಿಲ್ಲ. ಹಸಿ ಹೊಗೆಸೊಪ್ಪನ್ನು, ಅದರಲ್ಲೂ ಒದ್ದೆ ಸೊಪ್ಪನ್ನು, ಬರಿಗೈಯಲ್ಲಿ ಹಿಡಿದರೆ ನಿಕೋಟಿನ್ ಚರ್ಮದ ಮೂಲಕವೇ ಒಳಕ್ಕೆ ಇಳಿಯುತ್ತದೆ. ತಲೆ ಸುತ್ತು, ವಾಂತಿ, ಸುಸ್ತು. ವೈದ್ಯರು ಇದನ್ನು ಹಸಿ ಹೊಗೆಸೊಪ್ಪಿನ ಕಾಯಿಲೆ ಅಂತಲೇ ಕರೆಯುತ್ತಾರೆ. ಅವಳು ಒಂದು ಚೂರೂ ಬಾಯಿಗೆ ಹಾಕದಿದ್ದರೂ ಆ ಕೂಸಿಗೆ ಪಾಲು ಹೋಗುತ್ತಿತ್ತು. ಬಾಯಿಗೆ ಹಾಕಿಕೊಂಡ ಚಿಟಿಕೆ ಅವಳ ‘ಚಟ’. ಕೈಯಿಂದ ಇಳಿದದ್ದು ಯಾರ ಚಟ? ಒಂದು ಜೊತೆ ಕೈಗವಸು ಕೊಡದೆ ದುಡಿಸಿಕೊಂಡವನ ಹೆಸರು ಯಾವ ಆಸ್ಪತ್ರೆಯ ಚೀಟಿಯಲ್ಲೂ ಇರುವುದಿಲ್ಲ.

ಸೊಪ್ಪು ಬೆಳೆಯುವುದಕ್ಕೆ, ಹರಾಜು ಮಾಡುವುದಕ್ಕೆ ಸರ್ಕಾರದ ತಂಬಾಕು ಮಂಡಳಿ ಇದೆ. 1976ರಿಂದ ಇದೆ. ಹೆಂಡ ಮಾರುವುದಕ್ಕೆ ಸರ್ಕಾರದ ನಿಗಮ ಇದೆ. 2003ರಿಂದ ಕರ್ನಾಟಕದಲ್ಲಿ ಮದ್ಯದ ಸಗಟು ವ್ಯಾಪಾರ ಆ ಒಂದೇ ನಿಗಮದ ಕೈಯಲ್ಲಿದೆ. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಕುಡಿತ ನಿಂತಿತೇ? ಪ್ಯಾಕೆಟ್ ಸಾರಾಯಿ ಹೋಗಿ ಪ್ಯಾಕೆಟ್ ವಿಸ್ಕಿ ಬಂತು, ಬೆಲೆ ಹೆಚ್ಚಾಯಿತು, ಅಷ್ಟೇ. 2023-24ರಲ್ಲಿ ರಾಜ್ಯಕ್ಕೆ ಅಬಕಾರಿಯಿಂದ ಬಂದ ಹಣ 30,000 ಕೋಟಿ ರೂಪಾಯಿ ದಾಟಿತ್ತು. ಒಂದು ಕೈಯಲ್ಲಿ ಮಾರುತ್ತಾ ಇನ್ನೊಂದು ಕೈಯಲ್ಲಿ ‘ಕುಡಿತ ಕುಟುಂಬಕ್ಕೆ ಮಾರಕ’ ಅಂತ ಗೋಡೆ ಬರೆಸುವ ಧಣಿಗೆ ನೀತಿಯ ಪ್ರಶ್ನೆ ಇಲ್ಲ. ನೀತಿಯ ಪ್ರಶ್ನೆ ಬಸುರಿ ಕೂಲಿಯವಳಿಗೆ ಮಾತ್ರ.

ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತ್ಯದಲ್ಲಿ ದ್ರಾಕ್ಷಿತೋಟದ ಬಿಳಿಯ ಧಣಿಗಳು ಕಪ್ಪು ಮತ್ತು ಮಿಶ್ರವರ್ಣದ ಕೂಲಿಗಳಿಗೆ ಸಂಬಳದ ಒಂದು ಭಾಗವನ್ನು ಅಗ್ಗದ ವೈನಿನಲ್ಲೇ ಕೊಡುತ್ತಿದ್ದರು. ಇದಕ್ಕೆ ‘ಡಾಪ್’ ಪದ್ಧತಿ ಅಂತ ಹೆಸರು. ಹಗಲಿಗೆ ಇಷ್ಟು ಸಲ ಅಂತ ಅಳೆದು ಕೊಡುವುದು. ಹೆಂಗಸರಿಗೂ ಕೊಡುವುದು. 1960ರ ದಶಕದಲ್ಲಿ ಕಾನೂನು ತಡೆದ ಮೇಲೂ ಅದು ಎಷ್ಟೋ ತೋಟಗಳಲ್ಲಿ ದಶಕಗಳ ಕಾಲ ನಡೆಯಿತು. ಇವತ್ತು ಜಗತ್ತಿನಲ್ಲಿ ತಾಯಿಯ ಹೊಟ್ಟೆಯಲ್ಲೇ ಹೆಂಡದ ಪೆಟ್ಟು ತಿಂದ ಮಕ್ಕಳು ಅತಿ ಹೆಚ್ಚಾಗಿ ಕಂಡುಬಂದಿರುವ ಪ್ರದೇಶಗಳಲ್ಲಿ ಅದೂ ಒಂದು. ಆ ತಾಯಂದಿರಿಗೆ ಕುಡಿತ ಕಲಿಸಿದ್ದು ಯಾರು? ತಲೆಮಾರುಗಟ್ಟಲೆ ಕುಡಿಸಿದವನು ವೈನಿಗೆ ಚಿನ್ನದ ಪದಕ ತೆಗೆದುಕೊಂಡ. ಕುಡಿದವಳು ‘ಕೆಟ್ಟ ತಾಯಿ’ ಅನ್ನಿಸಿಕೊಂಡಳು.

4

ಇಲ್ಲಿ ಒಂದು ಎಚ್ಚರ ಬೇಕು. ‘ಎಲ್ಲಾ ವ್ಯವಸ್ಥೆಯ ತಪ್ಪು’ ಅಂದುಬಿಟ್ಟರೆ ನಮ್ಮ ಕೆಲಸ ಮುಗಿಯಿತೇ? ವ್ಯವಸ್ಥೆಯನ್ನು ಬೈದು ಭಾಷಣ ಮುಗಿಸಿ, ಬಸ್ಸು ಹತ್ತಿ ಮನೆಗೆ ಬರುವುದು ನಮಗೆಲ್ಲ ಅಭ್ಯಾಸವಾಗಿದೆ. ಅವಳ ಸೆರಗಿನಲ್ಲಿ ಗಂಟು ಹಾಗೇ ಇರುತ್ತದೆ. ಇನ್ನೊಂದು ಮಾತು: ‘ಅವಳು ಬರೀ ಬಲಿಪಶು, ಅವಳ ಕೈಯಲ್ಲಿ ಏನೂ ಇಲ್ಲ’ ಅನ್ನುವುದೂ ಅವಮಾನವೇ. ಅವಳು ಯೋಚಿಸುವವಳು. ಒಂದು ಲೋಟ ಅಂಬಲಿ, ಒಂದು ಚಿಟಿಕೆ ಸೊಪ್ಪು, ಒಂದು ದಿನದ ಕೂಲಿ ಇವುಗಳ ನಡುವೆ ನಮಗಿಂತ ಚೆನ್ನಾಗಿ ಲೆಕ್ಕ ಹಾಕಿದವಳು. ಕೂಸಿನ ಮೇಲೆ ಪ್ರೀತಿ ಇಲ್ಲದೆ ಅಲ್ಲ.

ಆದ್ದರಿಂದ ನಾನು ಎರಡು ಮಾತುಗಳನ್ನು ಬೇರೆ ಮಾಡಿ ನೋಡುತ್ತೇನೆ. ಒಂದು ಅಪರಾಧ, ಇನ್ನೊಂದು ಹೊಣೆ. ಅಪರಾಧ ಹಿಂದಕ್ಕೆ ನೋಡುತ್ತದೆ. ಯಾರು ಮಾಡಿದರು, ಯಾರಿಗೆ ಶಿಕ್ಷೆ ಅಂತ ಕೇಳುತ್ತದೆ. ಹೊಣೆ ಮುಂದಕ್ಕೆ ನೋಡುತ್ತದೆ. ಈಗ ಯಾರ ಕೈಯಲ್ಲಿ ಏನಾಗುತ್ತದೆ ಅಂತ ಕೇಳುತ್ತದೆ. ಹೊಣೆ ಅವಳಿಗೂ ಇದೆ. ಆದರೆ ಯಾರಿಗೆ ಎಷ್ಟು ಶಕ್ತಿ ಇದೆಯೋ ಅವರಿಗೆ ಅಷ್ಟು ಹೊಣೆ. ಹಾಗೆ ಅಳೆದರೆ ಸಾಲಿನಲ್ಲಿ ಅವಳು ಕಡೆಯವಳು. ಸರ್ಕಾರ ಮೊದಲು. ಬ್ಯಾರನ್ನಿನ ಧಣಿ ಆಮೇಲೆ. ಗಂಡ ಆಮೇಲೆ. ಡಾಕ್ಟರು, ನರ್ಸು, ಮೇಷ್ಟ್ರು, ಸಂಘದ ಕಾರ್ಯಕರ್ತ ಆಮೇಲೆ. ನಾವೆಲ್ಲ ನಮ್ಮ ಪಾಲು ಹೊರದೆ ಕಡೆಯವಳ ತಲೆಗೆ ಪೂರ್ತಿ ಮೂಟೆ ಹೊರಿಸುತ್ತೇವೆ. ಇದು ನಮಗೆ ಗೊತ್ತಿಲ್ಲದ ಆಟವೇ? ಜಾತಿ ಮಾಡಿದ್ದೂ ಇದನ್ನೇ ಅಲ್ಲವೇ?

5

ಶಿಕ್ಷೆ ಕೊಟ್ಟರೆ ಏನಾಗುತ್ತದೆ ಅನ್ನುವುದನ್ನು ಒಂದು ದೇಶ ಮಾಡಿಯೇ ನೋಡಿತು. 1989ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ನಗರದಲ್ಲಿ, ಬಡವರು ಹೋಗುವ ಸರ್ಕಾರಿ ವೈದ್ಯಕೀಯ ಆಸ್ಪತ್ರೆ ಪೊಲೀಸರ ಜೊತೆ ಒಪ್ಪಂದ ಮಾಡಿಕೊಂಡಿತು. ಬಸುರಿಯರ ಮೂತ್ರವನ್ನು ಅವರಿಗೆ ಹೇಳದೆ ಕೊಕೇನಿಗಾಗಿ ಪರೀಕ್ಷೆ ಮಾಡುವುದು, ಸಿಕ್ಕರೆ ಪೊಲೀಸರಿಗೆ ತಿಳಿಸುವುದು. ಹೆರಿಗೆಯಾದ ಹಸಿ ಬಾಣಂತಿಯರಿಗೆ ಕೋಳ ಹಾಕಿ ಎಳೆದುಕೊಂಡು ಹೋದರು. ಬಂಧನವಾದವರು 30 ಮಂದಿ. ಅವರಲ್ಲಿ 29 ಮಂದಿ ಕಪ್ಪು ಹೆಂಗಸರು.

ಕಪ್ಪು ಹೆಂಗಸರೇ ಹೆಚ್ಚು ಸೇವಿಸುತ್ತಿದ್ದರೇ? ಫ್ಲಾರಿಡಾದ ಪಿನೆಲಾಸ್ ಕೌಂಟಿಯ ಅಧ್ಯಯನ 1990ರಲ್ಲಿ ಬಂತು. ಪರೀಕ್ಷೆ ಮಾಡಿದಾಗ ಬಿಳಿಯ ಬಸುರಿಯರಲ್ಲಿ ಶೇಕಡಾ 15.4, ಕಪ್ಪು ಬಸುರಿಯರಲ್ಲಿ ಶೇಕಡಾ 14.1 ಜನರಲ್ಲಿ ಅಮಲಿನ ಗುರುತು ಇತ್ತು. ಹೆಚ್ಚುಕಡಿಮೆ ಒಂದೇ. ಆದರೆ ಅಧಿಕಾರಿಗಳಿಗೆ ವರದಿಯಾಗುವ ಸಂಭವ ಮಾತ್ರ ಕಪ್ಪು ಹೆಂಗಸಿಗೆ ಸುಮಾರು ಹತ್ತು ಪಟ್ಟು! ಮೂತ್ರಕ್ಕೆ ಬಣ್ಣಭೇದ ಇಲ್ಲ, ವರದಿ ಬರೆಯುವ ಲೇಖನಿಗೆ ಇದೆ. ನಮ್ಮಲ್ಲೂ ದೊಡ್ಡ ನರ್ಸಿಂಗ್ ಹೋಮಿಗೆ ಹೋಗುವವಳ ವೈನು, ನಿದ್ದೆ ಮಾತ್ರೆ ‘ಒತ್ತಡ’. ಕೇರಿಯವಳ ಕಡ್ಡಿಪುಡಿ ‘ಚಟ’.

ಆ ಕಾಲದಲ್ಲಿ ಅಮೆರಿಕದ ಪತ್ರಿಕೆಗಳು ಕೂಗಿದ್ದೇನು? ಈ ಮಕ್ಕಳು ಮಿದುಳು ಸತ್ತ ಪೀಳಿಗೆ, ದೇಶಕ್ಕೆ ಭಾರ ಅಂತ. ಫಿಲಡೆಲ್ಫಿಯಾದ ವೈದ್ಯರು 1989ರಿಂದ ಶುರುಮಾಡಿ ಇನ್ನೂರಕ್ಕೂ ಹೆಚ್ಚು ಮಕ್ಕಳನ್ನು ಇಪ್ಪತ್ತು ವರ್ಷಕ್ಕೂ ಮೀರಿ ಹಿಂಬಾಲಿಸಿದರು. ಅರ್ಧ ಕೊಕೇನ್ ಸೇವಿಸಿದ ತಾಯಂದಿರ ಮಕ್ಕಳು, ಅರ್ಧ ಸೇವಿಸದವರ ಮಕ್ಕಳು. ಎಲ್ಲರೂ ಬಡವರೇ. ಬುದ್ಧಿಶಕ್ತಿಯಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪು ಸರಾಸರಿಗಿಂತ ಹಿಂದೆ ಇದ್ದವು. ಹಿಂದಕ್ಕೆ ಎಳೆದದ್ದು ಬಡತನ. ಕೊಕೇನ್ ನಿರಪಾಯ ಅಂತ ಇದರ ಅರ್ಥವಲ್ಲ; ಬಸುರಿಗೆ ಅದರ ಅಪಾಯಗಳಿವೆ. ಪೊಲೀಸು ತಾಯಿಯನ್ನು ಹಿಡಿಯಲು ಹೋದರೆ ಹೊರತು ಬಡತನವನ್ನು ಯಾರೂ ಹಿಡಿಯಲಿಲ್ಲ ಅನ್ನುವುದೇ ಅರ್ಥ.

ಒಪ್ಪಿಗೆ ಇಲ್ಲದ ಆ ಪರೀಕ್ಷೆ ಸಂವಿಧಾನಬಾಹಿರ ಅಂತ ಅಮೆರಿಕದ ಸುಪ್ರೀಂ ಕೋರ್ಟು 2001ರಲ್ಲಿ ಹೇಳಿತು. ಆದರೆ ಕೋರ್ಟಿಗೆ ಮೊದಲೇ ಹೆಂಗಸರಿಗೆ ಗೊತ್ತಿತ್ತು. ಹೋದರೆ ಕೋಳ ಬೀಳುವ ಜಾಗಕ್ಕೆ ಯಾರು ಹೋಗುತ್ತಾರೆ? ನನ್ನ ಕೇರಿಯಲ್ಲಿ ಪೊಲೀಸು ಬರಲಿಲ್ಲ, ಕೋಳ ಇರಲಿಲ್ಲ. ಒಬ್ಬ ಮೇಷ್ಟ್ರ ನಾಲಗೆ, ಒಬ್ಬ ನರ್ಸಮ್ಮನ ಮುಖ ಸಾಕಾಯಿತು. ಅವಳು ಆಸ್ಪತ್ರೆ ಬಿಟ್ಟಳು. ಬಿಟ್ಟದ್ದರಿಂದ ಸೊಪ್ಪು ಬಿಡಲಿಲ್ಲ. ಕಬ್ಬಿಣದ ಮಾತ್ರೆ ತಪ್ಪಿತು, ತೂಕ ನೋಡುವುದು ತಪ್ಪಿತು. ಆ ಕೂಸಿನ ತೂಕದಲ್ಲಿ ನನ್ನ ಬೈಗುಳದ ಪಾಲು ಎಷ್ಟು ಗ್ರಾಂ ಅಂತ ಯಾವ ತಕ್ಕಡಿ ಹೇಳುತ್ತದೆ?

6

‘ತಾಯಿಯ ಮಾತು ಬಿಡಿ, ಕೂಸು ಏನು ಪಾಪ ಮಾಡಿತ್ತು? ಅದರ ಪರ ಯಾರು?’ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಕೂಸಿಗೆ ಹೋಗುವ ದಾರಿ ಯಾವುದು? ಹುಟ್ಟುವ ಮೊದಲು ತಾಯಿಯ ಮೈ ಒಂದೇ ದಾರಿ. ಹುಟ್ಟಿದ ಮೇಲೂ ಎದೆಹಾಲು, ಮಡಿಲು, ಅವಳ ಬಿಸುಪು. ದಾರಿಗೆ ಮುಳ್ಳು ಹಾಕಿ ಊರು ಸೇರುತ್ತೇವೆ ಅನ್ನುವುದು ಎಂಥ ಜಾಣತನ?

ಇನ್ನೊಂದು ಘಟನೆ ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ. ಪಕ್ಕದ ಊರಿನಲ್ಲಿ ನಮ್ಮ ಸಂಘದ ಹುಡುಗರು ಕುಡಿತ ಬಿಡಿಸುವ ಕೆಲಸಕ್ಕೆ ಇಳಿದಿದ್ದರು. ಒಳ್ಳೆಯ ಹುಡುಗರು. ಅಲ್ಲಿ ಒಬ್ಬಳು ದಿನಾ ಕುಡಿಯುವ ಹೆಂಗಸು, ನಾಲ್ಕು ತಿಂಗಳ ಬಸುರಿ. ಹುಡುಗರು ಅವಳನ್ನು ಕರೆದು, ಬಾಬಾಸಾಹೇಬರ ಪಟದ ಮುಂದೆ ನಿಲ್ಲಿಸಿ ಆಣೆ ಮಾಡಿಸಿದರು. ಅವಳು ಮಾತಿಗೆ ನಿಂತಳು, ಅವತ್ತೇ ಬಿಟ್ಟಳು. ಮಾರನೇ ದಿನ ಕೈಕಾಲು ನಡುಕ, ಬೆವರು, ನಿದ್ದೆ ಇಲ್ಲ. ಮೂರನೇ ದಿನ ಫಿಟ್ಸು ಬಂತು. ತಾಲ್ಲೂಕಿಗೆ ಹೊತ್ತುಕೊಂಡು ಓಡಿದರು. ಅವಳು ಉಳಿದಳು. ಬಸುರು ನಿಲ್ಲಲಿಲ್ಲ. ಅದರಿಂದಲೇ ಹೋಯಿತೋ, ಮೊದಲೇ ಹೋಗುವಂತಿತ್ತೋ, ಹೇಳಲು ನಾನು ಡಾಕ್ಟರಲ್ಲ.

ವಿಷಯ ಇದು: ಹೊಗೆಸೊಪ್ಪನ್ನು ಒಂದೇ ದಿನಕ್ಕೆ ಬಿಟ್ಟರೆ ಸಿಡುಕು, ಸಂಕಟ ಆಗಬಹುದು, ಜೀವಕ್ಕೆ ಅಪಾಯವಿಲ್ಲ. ಆದರೆ ವರ್ಷಗಟ್ಟಲೆ ದಿನವೂ ಕುಡಿದ ಮೈ ಹೆಂಡಕ್ಕೆ ಒಗ್ಗಿಹೋಗಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಫಿಟ್ಸು, ಭ್ರಮೆ, ಸಾವು ಕೂಡ ಬರಬಹುದು. ಅದನ್ನು ಆಸ್ಪತ್ರೆಯಲ್ಲಿ, ಡಾಕ್ಟರ ಕಣ್ಣ ಮುಂದೆ, ಔಷಧಿಯ ಆಸರೆಯಲ್ಲಿ ಬಿಡಿಸಬೇಕು. ಅಫೀಮಿನ ಜಾತಿಯ ಮದ್ದುಗಳಿಗೆ ಬಿದ್ದ ಬಸುರಿಯರಿಗೂ ಹಾಗೇ. ಥಟ್ಟನೆ ನಿಲ್ಲಿಸುವುದಿಲ್ಲ, ಬದಲಿ ಔಷಧಿ ಕೊಟ್ಟು ಕಾಪಾಡುತ್ತಾರೆ. ಇದು ಆಣೆ ಪ್ರಮಾಣದ ವಿಷಯವಲ್ಲ, ಮೈಯ ವಿಷಯ.

ನಮ್ಮ ಹುಡುಗರನ್ನು ಕೇಳಿದರೆ ಏನಂದರು? ‘ನಮಗೆ ಗೊತ್ತಿರಲಿಲ್ಲ ಸಾರ್, ಒಳ್ಳೇದಾಗ್ಲಿ ಅಂತ ಮಾಡಿದ್ವಿ.’ ಅದು ನಿಜ. ನಾವು ಅವರನ್ನು ಕ್ಷಮಿಸಿದೆವು. ಆದರೆ ಆ ಹೆಂಗಸೂ ಇದೇ ಮಾತು ಹೇಳಬಹುದಿತ್ತಲ್ಲ? ಅವಳಿಗೂ ಗೊತ್ತಿರಲಿಲ್ಲ, ಅವಳೂ ಕೂಸಿಗೆ ಕೇಡು ಬಯಸಿರಲಿಲ್ಲ. ನಮ್ಮ ಅಜ್ಞಾನಕ್ಕೆ ಕ್ಷಮೆ, ಅವಳ ಅಜ್ಞಾನಕ್ಕೆ ಪಟದ ಮುಂದೆ ಮಂಡಿಯೂರಿಸುವುದು! ಇದು ಯಾವ ಸಮಾನತೆ?

7

1980ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ‘ಹೆಂಡ ಬೇಡ, ವಸತಿ ಶಾಲೆ ಬೇಕು’ ಅಂತ ಕೂಗಿತು. ಆ ಘೋಷಣೆಯನ್ನು ನಾನು ಈಗ ಮತ್ತೆ ಓದುತ್ತೇನೆ. ಅದರಲ್ಲಿ ಬರೀ ‘ಬೇಡ’ ಇಲ್ಲ. ‘ಬೇಡ’ದ ಬೆನ್ನಿಗೇ ‘ಬೇಕು’ ಇದೆ. ಬರೀ ‘ಬೇಡ’ವನ್ನು ಮಠದ ಸ್ವಾಮಿಗಳೂ ಹೇಳುತ್ತಾರೆ, ಮದ್ಯ ಮಾರುವ ಸರ್ಕಾರವೂ ಹೇಳುತ್ತದೆ. ಬದಲಿಗೆ ಏನು ಬೇಕು ಅಂತ ಕೇಳಿದಾಗಲೇ ಅದು ಚಳವಳಿ. ಬ್ಯಾರನ್ನಿನ ಹೆಂಗಸು ನನ್ನನ್ನು ಕೇಳಿದ್ದೂ ಇದೇ ಅಲ್ಲವೇ? ‘ಅದ್ರ ಬದ್ಲು ಏನ್ ಕೊಟ್ಟೀರಿ?’

ಹಾಗಾದರೆ ಏನು ಬೇಕು?

ಮೊದಲು ಅನ್ನ ಮತ್ತು ವಿಶ್ರಾಂತಿ. 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಅಂಬೇಡ್ಕರರು ಅದರ ಪರ ನಿಂತರು. ಹೆರಿಗೆಯ ಮುಂಚೆ ಮತ್ತು ಆಮೇಲೆ ತಾಯಿಗೆ ವಿಶ್ರಾಂತಿ ಸಿಗುವುದು ದೇಶಕ್ಕೇ ಹಿತ, ಆದ್ದರಿಂದ ಆ ಭಾರವನ್ನು ಬಹುಪಾಲು ಸರ್ಕಾರವೇ ಹೊರಬೇಕು ಅನ್ನುವುದು ಅವರ ವಾದ. ಸುಮಾರು ನೂರು ವರ್ಷವಾಯಿತು. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ 26 ವಾರಗಳ ಸಂಬಳದ ರಜೆ ಬಂತು. ಯಾರಿಗೆ? ಕಾರ್ಖಾನೆ, ಆಫೀಸಿನವರಿಗೆ. ಸೊಪ್ಪು ಕಟ್ಟುವವಳಿಗೆ ಕೇಂದ್ರ ಸರ್ಕಾರದ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ ಮಾತ್ರ 6,000. ಅದು ಎಷ್ಟು ದಿನದ ಕೂಲಿ ಅಂತ ನೀವೇ ಲೆಕ್ಕ ಹಾಕಿ. ಮೈಯಲ್ಲಿ ಜೀವ ಇಟ್ಟುಕೊಂಡು ದುಡಿಯುವವಳಿಗೆ ಹಸಿವು ಮರೆಸುವ ಚಿಟಿಕೆ ಬೇಕೇ ಬೇಕಾಗುತ್ತದೆ.

ಕರ್ನಾಟಕದಲ್ಲಿ 2017ರ ಅಕ್ಟೋಬರಿನಲ್ಲಿ ಮಾತೃಪೂರ್ಣ ಯೋಜನೆ ಶುರುವಾಯಿತು. ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನ ಬಿಸಿಯೂಟ. ಒಳ್ಳೆಯ ಯೋಜನೆ. ಆದರೆ ಊಟ ಇರುವುದು ಅಂಗನವಾಡಿಯಲ್ಲಿ, ಅವಳು ಇರುವುದು ಎರಡು ಮೈಲಿ ದೂರದ ಬ್ಯಾರನ್ನಿನಲ್ಲಿ. ಊಟಕ್ಕೆ ಬಂದರೆ ಅರ್ಧ ದಿನದ ಕೂಲಿ ಹೋಯಿತು. ಊಟ ಅವಳಿರುವ ಕಡೆಗೆ ಹೋಗಲಿ ಅಂತ ಗ್ರಾಮಸಭೆಯಲ್ಲಿ ನಾವು ಕೇಳಿದ್ದೇವೆಯೇ?

ಎರಡನೆಯದು ಚಿಕಿತ್ಸೆ. 2019ರಲ್ಲಿ ಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಅದು ಗಂಡಸರನ್ನೂ ಸೇರಿಸಿ. ಮದ್ಯ ಬಿಡಿಸುವ ಶಿಬಿರಗಳು ಬಹುಪಾಲು ಗಂಡಸರಿಗೇ. ಮಡಿಲ ಕೂಸು ಇಟ್ಟುಕೊಂಡು ಹೆಂಗಸು ಎಲ್ಲಿಗೆ ಹೋಗಬೇಕು? 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮನಸ್ಸಿನ ತೊಂದರೆಗಳನ್ನೂ ಕಾಯಿಲೆ ಅಂತಲೇ ಒಪ್ಪಿದೆ. ಅದರ 21ನೇ ಕಲಮು ಓದಿ: ಚಿಕಿತ್ಸೆಗೆ ಬಂದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡಬಾರದು. ಬೇರೆ ಮಾಡಲೇಬೇಕಾಗಿ ಬಂದರೂ ಹದಿನೈದು ದಿನಕ್ಕೊಮ್ಮೆ ಮರುಪರಿಶೀಲನೆ ಆಗಬೇಕು. ಅವಳ ಕಾಯಿಲೆಯ ಗುಟ್ಟನ್ನು ಕಾಯುವುದೂ ಕಾನೂನಿನ ಮಾತೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಕೂಸನ್ನು ಒಟ್ಟಿಗೆ ಇಟ್ಟುಕೊಂಡು ತಾಯಿಯ ಮನಸ್ಸಿಗೆ ಚಿಕಿತ್ಸೆ ಕೊಡುವ ವಿಭಾಗ 2009ರಿಂದ ಇದೆ. ಆಗುವುದಿಲ್ಲ ಅನ್ನುವ ಮಾತಿಗೆ ಅದೇ ಉತ್ತರ. ಅಂಥದ್ದು ಜಿಲ್ಲೆಗೊಂದು ಬೇಕು. ಕುಡಿತದ ತಾಯಂದಿರಿಗೂ ಅದರ ಬಾಗಿಲು ತೆಗೆಯಬೇಕು. ಅಬಕಾರಿಯ ಸಾವಿರಾರು ಕೋಟಿಯಲ್ಲಿ ನಾವು ಕೇಳುತ್ತಿರುವ ಪಾಲು ಇದು.

ಮೂರನೆಯದು ನಮ್ಮ ನಡತೆ. 1970ರ ನವೆಂಬರಿನಲ್ಲಿ ನ್ಯೂಯಾರ್ಕಿನ ಬಡವರ ಬಡಾವಣೆಯ ಲಿಂಕನ್ ಆಸ್ಪತ್ರೆಯ ಒಂದು ಭಾಗವನ್ನು ಯಂಗ್ ಲಾರ್ಡ್ಸ್, ಬ್ಲ್ಯಾಕ್ ಪ್ಯಾಂಥರ್ಸ್ ಕಾರ್ಯಕರ್ತರು ವಶಮಾಡಿಕೊಂಡು ಹೆರಾಯಿನ್ ದಾಸರಿಗೆ ಚಿಕಿತ್ಸಾಕೇಂದ್ರ ತೆರೆದರು. ವೈದ್ಯರು, ಕಾರ್ಯಕರ್ತರು, ಚಟ ಬಿಟ್ಟವರು ಸೇರಿ ನಡೆಸಿದರು. 1978ರಲ್ಲಿ ಪೊಲೀಸರನ್ನು ಕರೆಸಿ ಅದನ್ನು ಮುಚ್ಚಿಸಿದರು. 1972ರಲ್ಲಿ ಮುಂಬಯಿಯ ನಮ್ಮ ದಲಿತ ಪ್ಯಾಂಥರ್ಸ್ ಅವರ ಹೆಸರು ತೆಗೆದುಕೊಂಡರು. ಹೆಸರು ಬಂತು, ಸಿಟ್ಟೂ ಬಂತು. ಚಟಕ್ಕೆ ಬಿದ್ದವರ ಹಾಸಿಗೆಯ ಪಕ್ಕ ಕೂತುಕೊಳ್ಳುವ ಆ ಕೆಲಸವನ್ನು ಮಾತ್ರ ನಾವು ತೆಗೆದುಕೊಳ್ಳಲಿಲ್ಲ.

ಹಳ್ಳಿಯ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ನಾಳೆಯೇ ಮಾಡಬಹುದಾದದ್ದು ಇದೆ. ಜನರ ಮುಂದೆ ಬೈಯಬೇಡಿ. ಒಂಟಿಯಾಗಿ ಸಿಕ್ಕಾಗ ಕೇಳಿ; ನೀವು ಗಂಡಸಾದರೆ ಆಶಾ ಕಾರ್ಯಕರ್ತೆಯೋ ನೆರೆಯವಳೋ ಕೇಳಲಿ. ಏನು, ಎಷ್ಟು, ಯಾವಾಗಿನಿಂದ ಅಂತ ಕೇಳಿ, ಅವಳು ಹೇಳಿದ್ದನ್ನು ಬೇರೆ ಯಾರಿಗೂ ಹೇಳಬೇಡಿ. ದಿನವೂ ಕುಡಿಯುವವಳಾದರೆ ‘ಇವತ್ತೇ ಬಿಡು’ ಅನ್ನಬೇಡಿ, ಡಾಕ್ಟರ ಹತ್ತಿರ ಜೊತೆಯಲ್ಲಿ ಹೋಗಿ. ಬೈದರೆ ಅಲ್ಲಿ ಅವಳ ಪರ ನಿಲ್ಲಿ. 14416ಕ್ಕೆ ಫೋನು ಮಾಡಿದರೆ ಟೆಲಿ ಮನಸ್‌ನವರು ಮಾತಾಡುತ್ತಾರೆ, 2022ರಿಂದ ಇದೆ. ಸೊಪ್ಪು ಬಿಡಲಾಗದ ಬಾಣಂತಿಗೆ ‘ಎದೆಹಾಲು ಕೊಡಬೇಡ’ ಅನ್ನಬೇಡಿ. ಹಾಲು ಕೊಟ್ಟ ಮೇಲೆ ಹಾಕಿಕೋ, ಕೊಡುವ ಮುಂಚೆ ಬೇಡ, ದಿನಕ್ಕೊಂದು ಸಲ ಕಡಿಮೆ ಮಾಡು ಅನ್ನಿ. ಗಂಡನನ್ನೂ ಕೂರಿಸಿ ಮಾತಾಡಿ. ಅವನು ರಾತ್ರಿ ಪ್ಯಾಕೆಟ್ ತಂದು ಹೊಡೆಯುವ ಮನೆಯಲ್ಲಿ ಅವಳೊಬ್ಬಳೇ ಹೇಗೆ ಬಿಟ್ಟಾಳು? 2019ರ ಜನವರಿಯಲ್ಲಿ ಮದ್ಯ ನಿಲ್ಲಿಸಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಂಗಸರು ನಡೆದರು. ಆ ಸಾಲಿನಲ್ಲಿ ನಾವು ಗಂಡಸರು ಎಷ್ಟು ಮಂದಿ ಇದ್ದೆವು?

ಆ ಬ್ಯಾರನ್ನಿನ ಹೆಂಗಸು ಮತ್ತೆ ಬಸುರಿಯಾದಳು. ಈ ಸಲ ನಾನು ಬೈಯಲಿಲ್ಲ. ಶಾಲೆಯ ಅಡುಗೆಯವಳ ಕೈಲಿ ಹೇಳಿಸಿ, ಮಧ್ಯಾಹ್ನ ಅವಳ ಪಾಲಿನ ಮೊಟ್ಟೆ, ಮುದ್ದೆ, ಸಾರು ಬ್ಯಾರನ್ನಿಗೆ ಹೋಗುವ ಹಾಗೆ ಅಂಗನವಾಡಿಯವರನ್ನು ಒಪ್ಪಿಸಿದೆವು. ನಿಯಮದಲ್ಲಿ ಇತ್ತೋ ಇಲ್ಲವೋ, ಮಾಡಿದೆವು. ಧಣಿಯ ಹತ್ತಿರ ಜಗಳ ಆಡಿ ಕೈಗವಸು ಕೇಳಿದೆವು. ಹಳೇ ಪ್ಲಾಸ್ಟಿಕ್ ಚೀಲ ಕೊಟ್ಟ. ಅದನ್ನೇ ಕೈಗೆ ಕಟ್ಟಿಕೊಂಡಳು. ಆಸ್ಪತ್ರೆಗೆ ತಿಂಗಳು ತಿಂಗಳು ಹೋದಳು.

ಸೊಪ್ಪು ಬಿಟ್ಟಳೇ ಅಂತ ಕೇಳುತ್ತೀರಿ. ಪೂರ್ತಿ ಬಿಡಲಿಲ್ಲ. ಆರೇಳು ಸಲ ಹಾಕುತ್ತಿದ್ದವಳು ಎರಡು ಸಲಕ್ಕೆ ಬಂದಳು. ‘ಮದ್ಯಾನ ಉಂಡ್ರೆ ಅದು ಗ್ಯಾಪ್ಕಾನೇ ಬರಾಕಿಲ್ಲ ಮೇಷ್ಟ್ರೇ’ ಅಂದಳು. ಕೂಸು ಎರಡೂವರೆ ಕಿಲೋ ತೂಗಿತು. ಮಾರನೇ ವರ್ಷ ಆ ಅಂಗನವಾಡಿಗೆ ಬೇರೆಯವರು ಬಂದರು, ಊಟ ಹೊರಗೆ ಕಳಿಸುವುದು ನಿಂತಿತು. ಬ್ಯಾರನ್ನಿನಲ್ಲಿ ಈಗ ಬೇರೆ ಬಸುರಿಯರು ಸೊಪ್ಪು ಕಟ್ಟುತ್ತಿದ್ದಾರೆ. ಮುಂದಿನ ಗ್ರಾಮಸಭೆಗೆ ನಾನು ಅರ್ಜಿ ಬರೆದಿದ್ದೇನೆ. ನಿಮ್ಮ ಊರಿನದನ್ನು ನೀವು ಬರೆಯಿರಿ.